ಅದು ಬಂತು

ಕಾಲ್ ಶೀಟಿನಲ್ಲಿ ವೇದಾಳ ಹೆಸರು ಜನರೇಟರಿನ ಕೆಳಗಿತ್ತು. ಹನ್ನೊಂದು ದಿನಗಳಿಂದಲೂ ಅಲ್ಲೇ ಇತ್ತು. ಚಿತ್ರೀಕರಣದ ಕೊನೆಯ ದಿನವಾದ ಇಂದೂ ಹಾಳೆ ಕೈಗೆ ಬಂದೊಡನೆ ಅವಳ ಕಣ್ಣು ಹೋದದ್ದು ಅಲ್ಲಿಗೇ. ಮೇಲೆ ‘ತಾಯಿ: ಸಂಹಿತಾ’, ಅದರ ಕೆಳಗೆ ‘ಮಗಳು: ತನುಜಾ’, ಆಮೇಲೆ ಕ್ಯಾಮೆರಾ, ಲೈಟು, ಧ್ವನಿ, ಮೇಕಪ್ಪು, ಊಟ, ಜನರೇಟರ್, ಕಟ್ಟಕಡೆಗೆ ‘ಭಾಷೆ: ವೇದ’. ದೀರ್ಘ ಬಿಟ್ಟುಹೋಗಿತ್ತು. ಸಿದ್ದಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿದವಳು, ಮಕ್ಕಳ ಪಟ್ಟಿಗಳಲ್ಲಿ ಇಂಥ ಸಾವಿರಾರು ದೀರ್ಘಗಳನ್ನು ಕೆಂಪು ಶಾಯಿಯಲ್ಲಿ ಎಳೆದು ಕೊಟ್ಟವಳು. ತನ್ನದನ್ನು ಕೇಳಿ ಹಾಕಿಸಿಕೊಳ್ಳುವುದು ಸಣ್ಣತನವೆಂದು ಮೊದಲ ದಿನ ಸುಮ್ಮನಿದ್ದಳು. ಈಗ ಕೇಳಿದರೆ ಹನ್ನೊಂದು ದಿನವೂ ಅದನ್ನೇ ನೋಡುತ್ತಿದ್ದಳೆಂದು ಗೊತ್ತಾಗಿಬಿಡುತ್ತದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಳು.

ಯುಗಾದಿ ದಿನ ಬಿತ್ತರಿಸಲೆಂದು ಚಾನೆಲ್ಲೊಂದು ಮಾಡಿಸುತ್ತಿದ್ದ ಒಂದೂವರೆ ಗಂಟೆಯ ಕುಟುಂಬ ಚಿತ್ರ ಅದು. ಯಲ್ಲಾಪುರದಲ್ಲಿ ಹುಬ್ಬಳ್ಳಿ ರಸ್ತೆಗೆ ತಾಗಿದ ಒಂದು ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ಜಗಳವಾಡಿ ಮನೆ ಬಿಟ್ಟುಹೋದ ಮಗಳು ತಿರುಗಿ ಬರುತ್ತಾಳೆ, ತಾಯಿ ಒಳಗೆ ಕರೆದುಕೊಳ್ಳುತ್ತಾಳೆ, ಕಥೆ ಅಷ್ಟೇ. ನಿರ್ದೇಶಕ ರಾಘು ಅವಳ ಕಣ್ಣೆದುರೇ ಬೆಳೆದವನು. ಶಿರಸಿಯ ನಾಟಕ ತಂಡಕ್ಕೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪ್ರಾಂಪ್ಟರ್ ಆಗಿ ಬಂದಿದ್ದ. ಆಗ ತಂಡದ ತಾಯಿಯೆಂದರೆ ವೇದಾ. ಮೂವತ್ತನೆಯ ವಯಸ್ಸಿಗೇ ತಲೆಗೆ ಬಿಳಿ ಪೌಡರು ಬಳಿದುಕೊಂಡು ತಾಯಿಯಾದವಳು, ಈಗ ಐವತ್ತೆರಡಾಗಿ, ಪೌಡರಿನ ಅಗತ್ಯವೇ ಇಲ್ಲದ ಹೊತ್ತಿಗೆ... ‘ವೇದಕ್ಕಾ, ಆ ತಾಯಿ ನೀನೇಯ, ಬೇರೆ ಯಾರು?’ ಎಂದು ಎರಡು ವರ್ಷಗಳ ಹಿಂದೆ ರಾಘುವೇ ಹೇಳಿದ್ದ. ಜನವರಿಯಲ್ಲಿ ಫೋನ್ ಬಂತು. ‘ಚಾನೆಲ್ಲಿನವಕ್ಕೆ ಗೊತ್ತಿದ್ದ ಮುಖ ಬೇಕಡ. ನೀನು ಭಾಷೆ ನೋಡ್ಕ, ಅಕ್ಕಾ. ಅಡ್ಡಿಲ್ಯಾ?’ ಅವಳು ‘ಅಡ್ಡಿಲ್ಲೆ’ ಎಂದಳು. ಈ ಕಡೆಯ ಜನ ಸಾರಿಗೆ ಉಪ್ಪು ಸಾಕೇ ಎಂದರೂ ಅಡ್ಡಿಲ್ಲೆ ಎನ್ನುತ್ತಾರೆ, ಕಾಲು ಮುರಿದವರು ಹೇಗಿದ್ದೀರಿ ಎಂದರೂ ಅಡ್ಡಿಲ್ಲೆ ಎನ್ನುತ್ತಾರೆ. ಅದರೊಳಗೆ ಏನಿದೆಯೆಂದು ಕೇಳುವ ರೂಢಿ ಇಲ್ಲ.

ಅವಳ ಕೆಲಸವೂ ಆ ಒಂದೇ ಶಬ್ದವಾಗಿತ್ತು. ತಾಯಿಯೂ ಮಗಳೂ ಆಡಬೇಕಾದದ್ದು ಇಲ್ಲಿನ ಹವ್ಯಕರ ಮನೆಮಾತು. ಮಾನಿಟರಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅವಳು ಕೂರುತ್ತಾಳೆ. ಟೇಕ್ ಮುಗಿದೊಡನೆ ರಾಘು ತಿರುಗಿ ‘ಅಡ್ಡಿಲ್ಯಾ?’ ಎನ್ನುತ್ತಾನೆ; ಅವಳು ಅಡ್ಡಿಲ್ಲೆ ಎಂದರೆ ಮುಂದಿನ ಶಾಟ್, ತಲೆಯಲ್ಲಾಡಿಸಿದರೆ ಇಪ್ಪತ್ತೆರಡು ಜನ ಮತ್ತೆ ಮೊದಲಿನ ಜಾಗಕ್ಕೆ. ಮೊದಲೆರಡು ದಿನ ಈ ಅಧಿಕಾರ ಅವಳಿಗೆ ಹಿತವಾಗಿತ್ತು. ಆಮೇಲೆ ಅದೇ ಹಿಂಸೆಯಾಯಿತು, ಯಾಕೆಂದರೆ ತಲೆಯಲ್ಲಾಡಿಸುವ ಸಂದರ್ಭಗಳು ದಿನದಿನಕ್ಕೆ ಕಡಿಮೆಯಾಗುತ್ತ ಬಂದವು. ಸಂಹಿತಾ ಮೈಸೂರಿನವರು, ಧಾರಾವಾಹಿಗಳಲ್ಲಿ ಮೂವತ್ತು ವರ್ಷ ಅತ್ತವರು. ಇಂಥವರು ತಡವಾಗಿ ಬರುತ್ತಾರೆ, ಸೊಕ್ಕು ಮಾಡುತ್ತಾರೆ, ಭಾಷೆಯನ್ನು ಕೊಲ್ಲುತ್ತಾರೆ ಎಂದು ವೇದಾ ಎಣಿಸಿದ್ದಳು, ನಿಜ ಹೇಳಬೇಕೆಂದರೆ ಹಾರೈಸಿದ್ದಳು. ಅವರು ಆರೂವರೆಗೆ ಎಂದರೆ ಆರೂಕಾಲಿಗೆ ಬಂದು ಕೂರುತ್ತಿದ್ದರು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ವೇದಾ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಶಬ್ದವನ್ನಷ್ಟೇ ಅಲ್ಲ, ಎಲ್ಲಿ ಉಸಿರು ಬಿಡಬೇಕೆಂಬುದನ್ನೂ. ಆ ನೋಟ್‌ಬುಕ್ಕನ್ನು ಕಂಡರೆ ವೇದಾಳಿಗೆ ಆಗುತ್ತಿರಲಿಲ್ಲ. ತಾನು ತಿಳಿಯದೆಯೇ ಆಡುತ್ತ ಬಂದದ್ದನ್ನು ಯಾರೋ ಬಟ್ಟೆ ಬಿಚ್ಚಿಸಿ ಅಳತೆ ತೆಗೆದುಕೊಂಡಂತೆ ಅನ್ನಿಸುತ್ತಿತ್ತು. ತಾನು ಮಾತ್ರ ಅವರೊಡನೆ ಪುಸ್ತಕದ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅವರ ಬೆನ್ನ ಹಿಂದೆಯೂ ‘ಅವರು’ ಎಂದೇ ಹೇಳುತ್ತಿದ್ದಳು. ಮರ್ಯಾದೆಗಲ್ಲ, ಬೇಲಿಗೆ.

‘ಅದು’ ಎಂಬ ಪಾಠ ನಾಲ್ಕನೆಯ ದಿನ ಬಂದಿತ್ತು. ಈ ಮನೆಮಾತಿನಲ್ಲಿ ಹೆಂಗಸರಿಗೆ ‘ಅವಳು’ ಇಲ್ಲ. ಅಜ್ಜಿಯೂ ಅದು, ಅತ್ತೆಯೂ ಅದು, ತೊಟ್ಟಿಲ ಕೂಸೂ ಅದು. ಅಕ್ಕ ಬಂತು, ಅತ್ತಿಗೆ ಹೋತು. ಸಂಹಿತಾ ಬಾಯಿಗೆ ಕೈ ಹಚ್ಚಿ ನಕ್ಕಿದ್ದರು. ‘ಅಯ್ಯೋ, ಬಸ್ಸು ಬಂತು ಅಂದ ಹಾಗೆ! ಬೇಜಾರಾಗಲ್ವಾ ನಿಮಗೆ?’ ವೇದಾ ತರಗತಿಯ ದನಿಯಲ್ಲಿ ಬಿಡಿಸಿ ಹೇಳಿದ್ದಳು. ‘ಅದು’ವಿನ ಮೇಲೆ ಒತ್ತು ಬಿದ್ದರೆ ತಾತ್ಸಾರ. ಜಗಳಗಂಟಿ ನೆರೆಮನೆಯವಳಿಗೆ ಅದು. ‘ಅದು’ ಒತ್ತಿಲ್ಲದೆ ಜಾರಿಹೋಗಿ ‘ಬಂತು’ ಮಾತ್ರ ಕಿವಿಯಲ್ಲಿ ನಿಂತರೆ ಸ್ವಂತದವಳು. ಸಂಹಿತಾ ಎರಡು ಸಾಲು ಎಳೆದು ಬರೆದುಕೊಂಡರು: ಅದು ಒಂದು, ತಾತ್ಸಾರದ್ದು; ಅದು ಎರಡು, ಸ್ವಂತದ್ದು. ಇಡೀ ದಿನ ಊಟದ ಡೇರೆಯ ಹತ್ತಿರ, ಮೇಕಪ್ ಕುರ್ಚಿಯಲ್ಲಿ, ‘ಟೀ ಬಂತು, ತನುಜಾ ಬಂತು’ ಎಂದು ಹೇಳಿಕೊಂಡು ಓಡಾಡಿದರು. ತನುಜಾ ‘ಮೇಡಂ, ನಾನೂ ಟೀನೂ ಒಂದೇನಾ?’ ಎಂದು ನಗುತ್ತಿದ್ದಳು. ವೇದಾ ನಗಲಿಲ್ಲ. ಆ ‘ಬಂತು’ ಎಲ್ಲಿಗೆ ಬಂದು ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಕೊನೆಯ ದಿನದ ಕೊನೆಯ ದೃಶ್ಯ, ಸಂಖ್ಯೆ ಐವತ್ತೆಂಟು. ಮಗಳು ಹೊಸ್ತಿಲಲ್ಲಿ ನಿಂತಿದ್ದಾಳೆ. ಒಳಗಿನ ಕೋಣೆಯಿಂದ ತಂದೆ ‘ಯಾರೇ ಬಂದಿದ್ದು?’ ಎನ್ನುತ್ತಾನೆ. ತಾಯಿ ಹೇಳುತ್ತಾಳೆ: ‘ಅದು ಬಂತು.’

ಇಪ್ಪತ್ತೆಂಟು ವರ್ಷಗಳ ಹಿಂದೆ, ವೇದಾ ತವರಿಗೆ ತಿರುಗಿ ಬಂದ ದಿನ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿತ್ತು, ಕೈಯಲ್ಲಿ ಒಂದು ಚೀಲ, ಒಂದು ಕೊಡೆ. ಹೆಗ್ಗರಣೆಯ ಗಂಡನ ಮನೆಯಿಂದ ಸಿದ್ದಾಪುರದವರೆಗೆ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಅವಳು ಉತ್ತರಗಳನ್ನು ಕಟ್ಟಿಕೊಂಡು ಬಂದಿದ್ದಳು. ಯಾಕೆ ಬಂದೆ ಎಂದರೆ ಇದು, ಅವನಿಗೆ ಹೇಳಿ ಬಂದೆಯಾ ಎಂದರೆ ಇದು, ಜನ ಏನೆಂದಾರು ಎಂದರೆ ಇದು. ಇಪ್ಪತ್ತನಾಲ್ಕು ವರ್ಷ ವಯಸ್ಸು. ಅಮ್ಮ ಜಗುಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಿ ಚೀಲವನ್ನು ನೋಡಿದಳು, ಮುಖವನ್ನು ನೋಡಲಿಲ್ಲ. ಒಳಗಿನಿಂದ ಅಪ್ಪಯ್ಯ ಕೇಳಿದ, ಯಾರೇ ಬಂದಿದ್ದು? ‘ಅದು ಬಂತು’ ಎಂದಳು ಅಮ್ಮ. ಡಬ್ಬಿಗೆ ಮುಚ್ಚಳ ಹಾಕಿದಂತೆ. ಅಷ್ಟೇ. ‘ಕೈಕಾಲು ತೊಳ್ಕ.’ ಕಟ್ಟಿಕೊಂಡು ಬಂದ ಉತ್ತರಗಳನ್ನು ಆ ಮನೆಯಲ್ಲಿ ಇಂದಿನವರೆಗೂ ಯಾರೂ ಕೇಳಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ರಾಘುವಿಗೆ ಬಿಟ್ಟರೆ. ನಾಟಕ ಸ್ಪರ್ಧೆಯಲ್ಲಿ ಬಹುಮಾನ ತಪ್ಪಿದ ದಿನ, ಶಿರಸಿ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ, ಚಹಾ ಆರುತ್ತಿದ್ದಂತೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ. ಸಂಕಟಪಡುತ್ತಿದ್ದಾನೆಂದು ತಿಳಿದಿದ್ದಳು, ಚಿತ್ರಕಥೆಯಲ್ಲಿ ಆ ಮಾತನ್ನು ಕಾಣುವವರೆಗೆ.

‘ಒಂದು ಫೋಟೋ ತೆಗೀರಲ್ಲ, ಟೀಚರ್’ ಎಂದು, ಇಂದು ಬೆಳಗಿನ ಬಿಡುವಿನಲ್ಲಿ, ಬಾಡಿಗೆ ಮನೆಯ ಒಡತಿ ಜ್ಯೋತಿ ಮೊಬೈಲನ್ನು ವೇದಾಳ ಕೈಗೆ ಹಿಡಿಸಿ ಸಂಹಿತಾರ ಪಕ್ಕ ಹೋಗಿ ನಿಂತರು. ‘ನಮ್ಮ ಅತ್ತೆ, ಮೇಡಂ ಅವರದು ಒಂದು ಎಪಿಸೋಡೂ ಬಿಟ್ಟಿಲ್ಲ. ಬೆಳಕು ಸಾಕಾಗ್ತದಾ?’ ಸಂಹಿತಾ, ‘ವೇದಾ ಅವ್ರೂ ಬರ್ಲಿ, ಬೇರೆ ಯಾರಾದ್ರೂ ತೆಗೀಲಿ’ ಎಂದರು. ಜ್ಯೋತಿ, ‘ಅಯ್ಯೋ ಅವರು ನಮ್ಮೂರ ಕಡೆಯವರೇ, ಯಾವಾಗ್ಲೂ ಸಿಗ್ತಾರೆ’ ಎಂದರು. ವೇದಾ ಫೋಟೋ ತೆಗೆದಳು. ಬೇಕೆಂದು ಮಾಡಿದ್ದಲ್ಲ. ಅದರಲ್ಲಿ ಸಂಹಿತಾರ ಅರ್ಧ ಮುಖ ಮಾತ್ರ ಬಂದಿತ್ತು. ‘ಅಡ್ಡಿಲ್ಲ, ಅಡ್ಡಿಲ್ಲ’ ಎಂದು ಜ್ಯೋತಿ ಇನ್ನೊಬ್ಬರನ್ನು ಹುಡುಕಿಕೊಂಡು ಹೋದರು.

ಊಟದ ಹೊತ್ತಿಗೆ ರಾಘು ಹಿತ್ತಿಲ ಮೆಟ್ಟಿಲಿಗೆ ಬಂದ. ವೇದಾಳ ತಟ್ಟೆಯಲ್ಲಿ ಮಜ್ಜಿಗೆ ಅನ್ನವಿತ್ತು. ಎರಡು ಮೆಟ್ಟಿಲು ಮೇಲೆ ಸಂಹಿತಾ, ಗೋಡೆಯ ಬದಿಗೆ ಧ್ವನಿಯ ಯಾಸೀನ್. ಈ ಊರಿನವನೇ, ತಂದೆಯ ಕಾಲದಿಂದ ಮದುವೆ-ಮುಂಜಿಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಮನೆತನ.

‘ವೇದಕ್ಕಾ, ಒಂದು ಫಜೀತಿ. ಗಗನಾ ಮೇಡಂ ಫೋನ್ ಮಾಡಿತ್ತು, ಚಾನೆಲ್ಲಿಂದ. ಅದು ಹೇಳ್ತು, ಕೊನೇ ಸೀನಲ್ಲಿ ‘ಅದು’ ಬ್ಯಾಡ ಹೇಳಿ. ಹೆಂಗಸಿಗೆ ಅದು-ಇದು ಅಂದ್ರೆ ಜನ ಬೈತ, ಹಬ್ಬದ ದಿನ ಬೇರೆ.’

‘ನೀವೀಗ ಅವರನ್ನೇ ಅದು ಅಂದ್ರಲ್ಲ, ರಾಘು!’ ಎಂದು ಸಂಹಿತಾ ನಕ್ಕರು.

‘ಅದ್ಕೆ ಗೊತ್ತಿಲ್ಯಲಿ, ಅದೇ ಪುಣ್ಯ’ ಎಂದ ರಾಘು. ಆಮೇಲೆ ನಗು ನಿಲ್ಲಿಸಿದ. ‘ಖರೇ ಹೇಳು ಅಕ್ಕಾ. ‘ಅವ್ಳು ಬಂದ್ಳು’ ಹೇಳಿ ಮಾಡಿರೆ ಅಡ್ಡಿಲ್ಯಾ? ನಿಂದೇ ಕೊನೇ ಮಾತು. ನೀನು ಆಗ್ತಿಲ್ಲೆ ಅಂದ್ರೆ ಅದ್ರ ಹತ್ರ ಜಗಳ ಮಾಡದು ಯನ್ನ ಪಾಲಿಗೆ ಬಿಡು.’

‘ನಂಗಂತೂ ‘ಅದು’ನೇ ಬೇಕು’ ಎಂದರು ಸಂಹಿತಾ. ‘ಹನ್ನೊಂದು ದಿನ ಆ ಎರಡು ಶಬ್ದಕ್ಕೇ ಕಾದಿದೀನಿ. ಆದ್ರೆ ವೇದಾ ಅವ್ರು ಹೇಳಿದ ಹಾಗೆ.’

ಕಾದಿದೀನಿ ಎಂದರು. ವೇದಾಳ ಬೆರಳುಗಳ ನಡುವೆ ಅನ್ನ ಹಾಗೇ ನಿಂತಿತು. ತಾನು ಇಪ್ಪತ್ತೆಂಟು ವರ್ಷ ಇಟ್ಟುಕೊಂಡದ್ದಕ್ಕೆ ಇವರು ಹನ್ನೊಂದು ದಿನ ಕಾದಿದ್ದಾರೆ. ಯುಗಾದಿ ದಿನ ಮಧ್ಯಾಹ್ನ, ಹೋಳಿಗೆ ತಿಂದು ಚಾಪೆಯ ಮೇಲೆ ಒರಗಿದ ಜನರ ಎದುರು, ಅಮ್ಮನ ಬಾಯಿಯ ಮಾತು ಈ ಬಾಯಿಂದ ಬರುತ್ತದೆ. ಎಷ್ಟು ಚೆನ್ನಾಗಿ ಹೇಳಿತು ನೋಡು ಎನ್ನುತ್ತಾರೆ. ಆಮೇಲೆ ತಾನು ಅದನ್ನು ನೆನೆಸಿಕೊಂಡಾಗ ಅಮ್ಮನ ಮುಖ ಬರುತ್ತದೆಯೋ, ಈ ಮುಖ ಬರುತ್ತದೆಯೋ? ಸುಟ್ಟರೂ ಅಡ್ಡಿಲ್ಲ, ಕೊಡಬಾರದು. ರಾಘು, ಸಂಹಿತಾ ಇಬ್ಬರೂ ಅವಳನ್ನೇ ನೋಡುತ್ತಿದ್ದರು.

‘ಅಡ್ಡಿಲ್ಲೆ’ ಎಂದಳು ವೇದಾ. ಸಾಲದೆಂದು ತೋರಿ ಇನ್ನೊಂದು ಮಾತು ಸೇರಿಸಿದಳು. ‘ಈಗಿನವು ಹಂಗೂ ಹೇಳ್ತ.’

ಸಂಹಿತಾ ನೋಟ್‌ಬುಕ್ ತೆಗೆದು ಏನನ್ನೋ ಹೊಡೆದು ಹಾಕಿದರು. ಯಾಸೀನ್ ತಟ್ಟೆಯಿಂದ ತಲೆಯೆತ್ತಿ ವೇದಾಳನ್ನು ನೋಡಿದ, ಮತ್ತೆ ತಟ್ಟೆಗೆ ಬಾಗಿದ.

ಐವತ್ತೆಂಟನೆಯ ದೃಶ್ಯಕ್ಕೆ ಕ್ಯಾಮೆರಾವನ್ನು ಮನೆಯ ಒಳಗಿಟ್ಟಿದ್ದರು. ಮಾನಿಟರಿನಲ್ಲಿ ಕಾಣುತ್ತಿದ್ದುದು ತಾಯಿಯ ಬೆನ್ನು, ಅದರಾಚೆ ಬಾಗಿಲ ಬೆಳಕಿನಲ್ಲಿ ಚೀಲ ಹಿಡಿದ ತನುಜಾ. ಹೊಸ್ತಿಲಿನ ಹೊರಗೆ ಅವಳು ನಿಲ್ಲಬೇಕಾದ ಜಾಗಕ್ಕೆ ಹಳದಿ ಟೇಪಿನ ಗುರುತು ಅಂಟಿಸಿದ್ದರು. ಹುಬ್ಬಳ್ಳಿ ಕಡೆಯಿಂದ ಘಟ್ಟ ಇಳಿಯಲು ಬರುವ ಲಾರಿಗಳು ಮೂರು ಟೇಕ್ ತಿಂದವು. ಯಾಸೀನ್ ಕೈಯೆತ್ತಿ ತಡೀರಿ, ತಡೀರಿ ಎನ್ನುತ್ತ ರಸ್ತೆಗೆ ಕಿವಿ ಕೊಟ್ಟು ನಿಂತಿದ್ದ. ಪ್ರತಿ ಲಾರಿಗೂ ವೇದಾ ಒಳಗೊಳಗೇ ಹಿಗ್ಗಿದಳು. ನಾಲ್ಕನೆಯದಕ್ಕೆ ರಸ್ತೆ ಖಾಲಿಯಾಯಿತು. ‘ಯಾರೇ ಬಂದಿದ್ದು?’ ಒಂದು ಕ್ಷಣ ಬೆನ್ನು ಅಲುಗಲಿಲ್ಲ. ಆಮೇಲೆ ಸಂಹಿತಾ, ‘ಅವ್ಳು... ಬಂದ್ಳು’ ಎಂದರು. ದನಿ ನಡುವೆ ಬಿರಿಯಿತು. ಮೇಕಪ್ಪಿನ ಹೆಂಗಸು ಸೆರಗಿನಿಂದ ಕಣ್ಣೊತ್ತಿಕೊಂಡಳು. ಹೆಡ್‌ಫೋನಿನೊಳಗೆ ಅದು ವೇದಾಳಿಗೆ ಬೇರೆ ಯಾವುದೋ ಊರಿನ, ಬೇರೆ ಯಾರದೋ ಮನೆಯ ಮಾತಾಗಿ ಕೇಳಿಸಿತು. ಮಾತಿಗೆ ಮುಂಚೆಯೇ ಅತ್ತ ದನಿ. ಅಳುವುದಿದ್ದರೆ ಅಮ್ಮ ಬೇರೆ ಕಡೆ ಹೋಗಿ ಅತ್ತಿದ್ದಾಳು. ಬದುಕಿದೆ, ಎಂದುಕೊಂಡಳು. ಬೆಂಕಿ ಬಿದ್ದ ಮನೆಯಿಂದ ಒಂದೇ ಒಂದು ಪಾತ್ರೆ ಹೊತ್ತುಕೊಂಡು ಓಡಿಬಂದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ರಾಘು ತಿರುಗಿದ. ಅಡ್ಡಿಲ್ಯಾ? ಅಡ್ಡಿಲ್ಲೆ. ಚಪ್ಪಾಳೆ ಹೊಡೆದರು. ಕ್ಯಾಮೆರಾ, ಲೈಟುಗಳು ನಾಲ್ಕು ಗಂಟೆಗೆಲ್ಲ ವ್ಯಾನು ಹತ್ತಿ ಹುಬ್ಬಳ್ಳಿಗೆ ಹೊರಟವು.

ಅವಳು ಹೆಡ್‌ಫೋನ್ ಹಿಂದಿರುಗಿಸಲು ಹೋದಾಗ ಯಾಸೀನ್ ವೈರು ಸುತ್ತುತ್ತಿದ್ದ. ‘ನಮ್ಮ ಮನಿ ಪಕ್ಕದಾಗೇ ಭಟ್ರ ಮನಿ, ಟೀಚರ್’ ಎಂದ, ತಲೆಯೆತ್ತದೆ. ‘ನಲವತ್ತು ವರ್ಷ ಆತು, ಗೋಡೆ ಈಕಡೆ ಎಲ್ಲಾ ಕೇಳ್ತದ. ಆ ಮನ್ಯಾಗ ಯಾವ ಹೆಣ್ಮಗಳೂ ಇವತ್ತಿನ ತನಕ ‘ಬಂದ್ಳು’ ಆಗಿಲ್ಲ. ಎಲ್ಲಾರೂ ‘ಬಂತು’.’

‘ಈಗ ಕಾಲ ಬದಲಾಗಿದೆ’ ಎಂದಳು ವೇದಾ.

‘ಹೌದ್ರಿ’ ಎಂದ ಯಾಸೀನ್. ‘ನನಗ ಕೇಳಿದ್ದಷ್ಟೇ ಗೊತ್ತು.’

ಬಸ್ ಸ್ಟ್ಯಾಂಡಿನವರೆಗೆ ನಡೆದಳು. ಶಿರಸಿಗೆ ಬಸ್ಸು ಐದೂವರೆಗೆ ಎಂದರು. ಅಲ್ಲಿಂದ ಸಿದ್ದಾಪುರಕ್ಕೆ ಬೇರೆ ಹಿಡಿಯಬೇಕು. ಸಿಮೆಂಟು ಬೆಂಚಿನ ಮೇಲೆ ಕೂತಳು. ಗೆದ್ದ ಸಂತೋಷವನ್ನು ಒಮ್ಮೆ ಬಿಡಿಸಿ ನೋಡಬೇಕೆಂದು ಅಮ್ಮನ ಮಾತನ್ನು ಮನಸ್ಸಿನಲ್ಲೇ ಆಡಿಸಿಕೊಂಡಳು. ಬರಲಿಲ್ಲ. ಬೆನ್ನು ಬಂತು, ಬಾಗಿಲ ಬೆಳಕು ಬಂತು, ನಡುವೆ ಬಿರಿದ ‘ಬಂದ್ಳು’ ಬಂತು. ಇನ್ನೊಮ್ಮೆ ಪ್ರಯತ್ನಿಸಿದಳು. ತಾನು ಪಾತ್ರೆ ಉಳಿಸಿಕೊಂಡು ಒಳಗಿದ್ದುದನ್ನು ಅಲ್ಲೇ ಚೆಲ್ಲಿ ಬಂದಿದ್ದಳೇ? ಯಾಸೀನ್ ಯಾರಿಗಾದರೂ ಹೇಳಿಯಾನು. ಹೇಳಲಾರ, ಹೇಳದಿರುವುದೇ ಅವನ ಕಸುಬು. ಯುಗಾದಿ ದಿನ ಸಿದ್ದಾಪುರದಲ್ಲಿ ಯಾರಾದರೂ ಕೇಳುತ್ತಾರೆ, ಭಾಷೆ ನೋಡಿಕೊಂಡವಳು ನೀನೇ ಅಲ್ಲವೇನೇ, ಎಂತದೇ ಅದು ‘ಬಂದ್ಳು’? ಅದಕ್ಕೂ ಒಂದು ಉತ್ತರ ಕಟ್ಟಿಕೊಳ್ಳತೊಡಗಿದಳು. ಆಗ ಮಡಿಲು ಖಾಲಿಯಿರುವುದು ಗಮನಕ್ಕೆ ಬಂತು. ಚೀಲವನ್ನೂ ಕೊಡೆಯನ್ನೂ ಆ ಮನೆಯಲ್ಲೇ ಬಿಟ್ಟು ಬಂದಿದ್ದಳು.

ತಿರುಗಿ ಹೋದಾಗ ಮನೆ ಮೊದಲಿನಂತಾಗಿತ್ತು. ಜ್ಯೋತಿ ಗೋಡೆಯ ಕ್ಯಾಲೆಂಡರನ್ನು ಮತ್ತೆ ತೂಗುಹಾಕುತ್ತಿದ್ದರು. ಯಾಸೀನ್ ಒಬ್ಬನೇ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ. ಮಾತುಗಳ ನಡುವೆ ತೇಪೆ ಹಾಕಲು ಬೇಕೆಂದು ಅವನು ಖಾಲಿ ಮನೆಯ ಮೌನವನ್ನೇ ಅರ್ಧ ನಿಮಿಷ ಹಿಡಿದಿಟ್ಟುಕೊಳ್ಳುವವನು. ಸಂಹಿತಾ ಬಾಗಿಲಿಗೆ ಓರೆಯಾಗಿ ಮಣೆಯ ಮೇಲೆ ಕೂತು ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. ವೇದಾಳ ನೆರಳು ಹೊಸ್ತಿಲ ಮೇಲೆ ಬಿತ್ತು. ಒಳಗಿನಿಂದ ರಾಘು, ‘ಯಾರು ಬಂದಿದ್ದು?’ ಎಂದ.

‘ಅದು ಬಂತು’ ಎಂದರು ಸಂಹಿತಾ. ಹತ್ತಿಯಿಂದ ಕಣ್ಣೆತ್ತಿದ್ದು ಅರೆಕ್ಷಣ. ‘ವೇದಕ್ಕ.’

ಮುಚ್ಚಳ ಬಿತ್ತು. ವೇದಾಳ ಒಂದು ಕಾಲು ಹೊಸ್ತಿಲಿನಾಚೆ ಇತ್ತು, ಇನ್ನೊಂದು ಈಚೆ. ಅವರು ನಟಿಸಿರಲಿಲ್ಲ. ಎರಡನೆಯ ಸಲ ತಿರುಗಿ ನೋಡಲೂ ಇಲ್ಲ; ಬಣ್ಣ ಒರೆಸುವುದರಲ್ಲಿದ್ದರು. ‘ಅದು’ ಜಾರಿಹೋಗಿ ‘ಬಂತು’ ನಿಂತಿತ್ತು. ರಾಘು ನಗುತ್ತ ಹೊರಗೆ ಬಂದ. ‘ಅಡ್ಡಿಲ್ಯಾ, ವೇದಕ್ಕಾ?’ ತಮಾಷೆಗೆ ಕೇಳಿದ್ದ. ಹನ್ನೊಂದು ದಿನಗಳಲ್ಲಿ ಮೊದಲ ಸಲ ಅವಳಿಗೆ ಆ ಶಬ್ದ ಬಾಯಿಗೆ ಬರಲಿಲ್ಲ.

‘ತಮಾ, ಮಧ್ಯಾಹ್ನದ್ದು ತಪ್ಪು’ ಎಂದಳು. ‘ಹಂಗೆ ಯಾರೂ ಹೇಳ್ತ್ವಿಲ್ಲೆ.’

ರಾಘುವಿನ ಮುಖದ ನಗು ಅಲ್ಲೇ ಇತ್ತು, ಕಣ್ಣು ಬದಲಾಯಿತು. ‘ಮತ್ತೆ ಅಡ್ಡಿಲ್ಲೆ ಹೇಳಿ ಎಂತಕ್ಕೆ ಹೇಳ್ದೆ? ಕ್ಯಾಮೆರಾ ಹೋತಲೇ ಮಾರಾಯ್ತಿ!’

ಎಂತಕ್ಕೆ ಎಂದು ಅವನಿಗೆ ನಿಜವಾಗಿ ಗೊತ್ತಿಲ್ಲವೇ? ಅರ್ಧ ಮುಖದ ಬಣ್ಣ ತೆಗೆದಿದ್ದ ಸಂಹಿತಾ ಹತ್ತಿಯನ್ನು ಮಡಚಿ ಇನ್ನೊಂದು ಬದಿ ಮಾಡಿಕೊಂಡರು. ‘ಬೈಬೇಡಿ ರಾಘು. ಮೂವತ್ತು ವರ್ಷದಲ್ಲಿ ನಾನೂ ಎಷ್ಟು ಜನಕ್ಕೆ, ಕೆಟ್ಟಿದ್ದು ಗೊತ್ತಿದ್ದೂ, ‘ಚೆನ್ನಾಗಿ ಬಂತು ಕಣೇ’ ಅಂದಿದೀನಿ, ಗೊತ್ತಾ ನಿಮ್ಗೆ?’ ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಅನ್ನಿಸಿತು ವೇದಾಳಿಗೆ.

‘ಆ ಶಾಟಿನ್ಯಾಗ ಮೇಡಂ ಬೆನ್ನಷ್ಟೇ ಐತಿ, ಸರ್’ ಎಂದ ಯಾಸೀನ್. ‘ಬಾಯಿ ಕಾಣೂದಿಲ್ಲ. ಮಾತು ಈಗ ತಗೊಂಡ್ರೂ ಕೂಡಿಸಬಹುದು.’

ರಾಘು ಒಂದು ಸುತ್ತು ಅತ್ತಿತ್ತ ಓಡಾಡಿದ. ಆಮೇಲೆ ವೇದಾಳ ಮುಂದೆ ಬಂದು ನಿಂತು, ತಲೆ ತಗ್ಗಿಸಿ, ಕ್ಯಾಂಟೀನಿನಲ್ಲಿ ತಗ್ಗಿಸಿದ್ದಂತೆಯೇ, ‘ನೀನೇ ಹೇಳು ಅಕ್ಕಾ’ ಎಂದ. ‘ನಿಂದೇ ಮಾತು. ಕಥೆಗೆ ತಗಂಡಾಗ ನಿನ್ನ ಕೇಳಿದ್ನಿಲ್ಲೆ, ಈಗ ಕೇಳಿದಂಗೆ ಆತು.’

ಅವಳನ್ನು ಮಣೆಯ ಮೇಲೆ ಕೂರಿಸಿದರು. ಯಾಸೀನ್ ಮೈಕನ್ನು ಅವಳ ಬಾಯಿಯಿಂದ ಗೇಣು ದೂರಕ್ಕೆ ತಂದ. ಬಯಸಿದ್ದು ಇದನ್ನೇ. ಸಂಹಿತಾರ ಬೆನ್ನಿಗೆ ತನ್ನ ದನಿ. ಇಡೀ ನಾಡು ಆ ಬೆನ್ನನ್ನು ನೋಡುತ್ತ ತನ್ನನ್ನು ಕೇಳುವುದು. ಒಂದು ಲಾರಿ ಹೋಯಿತು. ಯಾಸೀನ್ ಬೆರಳೆತ್ತಿದ. ಫ್ಯಾನು ನಿಲ್ಲಿಸಿದ್ದರು. ಮನೆಯ ಮೌನ ಕಿವಿಯೊಳಗೆ ಗುಂಯ್ ಎನ್ನತೊಡಗಿತು. ಅವಳು ಬಾಯಿ ತೆರೆದಳು. ಇಪ್ಪತ್ತೆಂಟು ವರ್ಷ ದಿನಕ್ಕೊಮ್ಮೆಯಾದರೂ ಕೇಳಿಸಿಕೊಂಡ ಮಾತು ಅದು. ಕೇಳಿಸಿಕೊಂಡದ್ದು. ಒಮ್ಮೆಯೂ ಆಡಿದ್ದಲ್ಲ. ಮೊರ ಹಿಡಿದು ಕೂತವಳು ಅವಳಾಗಿರಲಿಲ್ಲ. ಅವಳು ಬಿಸಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ಆ ಮಾತಿನಲ್ಲಿ ಅವಳದೆಂದು ಇದ್ದದ್ದು ‘ಅದು’ ಎಂಬ ಮೊದಲ ಶಬ್ದ ಮಾತ್ರ.

‘ಯನ್ನತ್ರ ಆಗ್ತಿಲ್ಲೆ’ ಎಂದಳು. ಸಂಹಿತಾರ ಕಡೆ ಗದ್ದವೆತ್ತಿ, ‘ಅದು ಹೇಳ್ತು’ ಎಂದಳು.

ಸಂಹಿತಾ ಅವಳನ್ನೇ ನೋಡಿದರು. ಒಂದು ಹುಬ್ಬು ಬಣ್ಣದ್ದು, ಒಂದು ಬರಿದು. ‘ಒಂದನೇ ಅದುನೋ, ಎರಡನೇದೋ, ವೇದಕ್ಕ?’

ವೇದಾ ಎದ್ದು ಮಣೆ ಬಿಟ್ಟುಕೊಟ್ಟಳು. ಮೂಲೆಯಲ್ಲಿದ್ದ ತನ್ನ ಚೀಲವನ್ನೂ ಕೊಡೆಯನ್ನೂ ಎತ್ತಿಕೊಂಡು ಹೊಸ್ತಿಲು ದಾಟಿ, ಹಳದಿ ಟೇಪು ಇನ್ನೂ ಅಂಟಿಕೊಂಡಿದ್ದ ಜಾಗದಲ್ಲಿ, ಒಳಗೆ ಮುಖ ಮಾಡಿ ನಿಂತಳು. ಎದುರಿಗೆ ಯಾರಾದರೂ ಇದ್ದರೆ ಹೇಳುವವರಿಗೆ ಸುಲಭವಾಗುತ್ತದೆ. ಯಾಸೀನ್ ಮತ್ತೆ ಬೆರಳೆತ್ತಿದ. ರಸ್ತೆ ಅವಳ ಬೆನ್ನಿಗಿತ್ತು. ಅವಳ ಒಂದು ಕಿವಿ ಒಳಗಿನ ಮಾತಿಗೆ ಕಾಯುತ್ತಿತ್ತು. ಇನ್ನೊಂದು, ಇಷ್ಟೆಲ್ಲ ಆದ ಮೇಲೂ, ಒಂದು ಲಾರಿ ಬರಲಿ ಎಂದು ಕಾಯುತ್ತಿತ್ತು.

ಲಾರಿ ಬರಲಿಲ್ಲ.